ಒಟ್ಲಿಂದ ಪೈರು ಏಳಲಿಲ್ಲ: ಒಂದು ಸ್ಟೆಮ್ ಸೆಲ್ ಸಂಗ್ರಹದ ಪ್ರಕರಣ

ಡಿಸೆಂಬರ್‌ನ ಒಂದು ಬೆಳಿಗ್ಗೆ ಒಂಬತ್ತು ಗಂಟೆಗೆ ಲ್ಯಾಬ್‌ನಿಂದ ಫೋನ್ ಬಂತು. "ಸಿಡಿ34 ನಾಲ್ಕು." ನಾನು ಕೇಳಿದ್ದು ತಪ್ಪಿರಬೇಕು ಅಂದುಕೊಂಡು ಇನ್ನೊಮ್ಮೆ ಕೇಳಿದೆ. ನಾಲ್ಕೇ. ಸಿಡಿ34 ಅಂದರೆ ರಕ್ತಕಣಗಳನ್ನು ಹುಟ್ಟಿಸುವ ಸ್ಟೆಮ್ ಸೆಲ್‌ಗಳ ಗುರುತು, ಅವುಗಳ ಎಣಿಕೆ ಇದು. ಅಷ್ಟೊತ್ತಿಗೆ, ರಕ್ತದಿಂದ ಅವನ್ನು ಬೇರ್ಪಡಿಸುವ ಅಫೆರೆಸಿಸ್ ಮಶೀನಿಗೆ ಕಿಟ್ ಏರಿಸಿ ಆಗಿತ್ತು. ರೋಗಿಯ ಕುತ್ತಿಗೆಯಲ್ಲಿ ದಪ್ಪ ಕೊಳವೆ, ಪಕ್ಕದ ಸ್ಟೂಲಿನ ಮೇಲೆ ಅವರ ಮಗ. ಒಂದು ಮೈಕ್ರೋಲೀಟರ್ ರಕ್ತದಲ್ಲಿ ಕನಿಷ್ಠ ಹತ್ತು, ಸಾಧ್ಯವಾದರೆ ಇಪ್ಪತ್ತು ಸ್ಟೆಮ್ ಸೆಲ್ ಇದ್ದರೆ ಮಶೀನು ಹಾಕಿದ್ದಕ್ಕೆ ಅರ್ಥ. ನಾಲ್ಕಕ್ಕೆ ಏನೂ ಸಿಗೋದಿಲ್ಲ ಅಂತ ಆ ರೂಮಿನಲ್ಲಿದ್ದ ನಮಗೆಲ್ಲ ಗೊತ್ತಿತ್ತು. ಆದರೂ ಯಾರೋ ಒಬ್ಬರು ಅಂದರು, "ಕಿಟ್ ಒಡೆದಾಗಿದೆ, ನೋಡೇಬಿಡೋಣ."

ನಾನು ಮೈಸೂರಿನ ಒಂದು ಆಸ್ಪತ್ರೆಯ ಬೋನ್ ಮ್ಯಾರೋ ಟ್ರಾನ್ಸ್‌ಪ್ಲಾಂಟ್ ಘಟಕದಲ್ಲಿ ಕೋಆರ್ಡಿನೇಟರ್. ಮೊದಲು ವಾರ್ಡ್ ಸಿಸ್ಟರ್ ಆಗಿದ್ದೆ. ಈಗ ತಾರೀಖು ಗೊತ್ತು ಮಾಡೋದು, ಔಷಧಿ ತರಿಸೋದು, ಮನೆಯವರ ಜೊತೆ ದುಡ್ಡಿನ ಮಾತಾಡೋದು ನನ್ನ ಕೆಲಸ. ಆದ್ದರಿಂದ ಇಲ್ಲಿ ಹೇಳುವ ತಪ್ಪುಗಳಲ್ಲಿ ನನ್ನ ಪಾಲೂ ಇದೆ. ರೋಗಿಯ ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಊರಲ್ಲಿ ಎಲ್ಲರೂ ಕರೆಯುವ ಹಾಗೆ ಅವರನ್ನು ಯಜಮಾನರು ಎಂದೇ ಕರೆಯುತ್ತೇನೆ.

ಬೆನ್ನುನೋವಿನಿಂದ ಶುರು

ಯಜಮಾನರಿಗೆ 61 ವರ್ಷ, 60 ಕೆಜಿ ತೂಕ. ಮಂಡ್ಯ ಜಿಲ್ಲೆಯ ನಾಲಾ ಬಯಲಿನ ಊರು. ಬತ್ತ, ಕಬ್ಬು ಎರಡೂ ಇದೆ. ಐದು ತಿಂಗಳು ಬೆನ್ನುನೋವು ಅಂತ ಎಣ್ಣೆ ತಿಕ್ಕಿಸಿಕೊಂಡರು, ಮೆಡಿಕಲ್ ಶಾಪಿನಿಂದ ನೋವಿನ ಮಾತ್ರೆ ತಂದು ನುಂಗಿದರು. ಒಂದು ದಿನ ಗೊಬ್ಬರದ ಮೂಟೆ ಎತ್ತುವಾಗ ಬೆನ್ನುಮೂಳೆಯೊಂದು ಕುಸಿಯಿತು. ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 7.8, ಕಿಡ್ನಿ ಸೋತಾಗ ಏರುವ ಕ್ರಿಯಾಟಿನಿನ್ 2.4, ಕ್ಯಾಲ್ಸಿಯಂ ಜಾಸ್ತಿ. ಕ್ಯಾಲ್ಸಿಯಂ, ಕಿಡ್ನಿ, ರಕ್ತ, ಮೂಳೆ, ಈ ನಾಲ್ಕೂ ಒಟ್ಟಿಗೆ ಕೆಟ್ಟರೆ ಡಾಕ್ಟರ ತಲೆಗೆ ಮೊದಲು ಬರುವ ಹೆಸರು ಮಲ್ಟಿಪಲ್ ಮೈಲೋಮಾ. ಮೂಳೆಯೊಳಗಿನ ಮಜ್ಜೆಯಲ್ಲಿರುವ ಪ್ಲಾಸ್ಮಾ ಕೋಶಗಳ ಕ್ಯಾನ್ಸರ್ ಅದು. ಮಜ್ಜೆ ಪರೀಕ್ಷೆಯಲ್ಲಿ ಖಾತ್ರಿಯಾಯಿತು. ನೋವಿನ ಮಾತ್ರೆಗಳು ಕಿಡ್ನಿಯನ್ನು ಇನ್ನಷ್ಟು ಕೆಡಿಸಿದ್ದವು.

ಚಿಕಿತ್ಸೆ ಸಂಕ್ರಾಂತಿ ಮುಗಿದ ವಾರ ಶುರುವಾಯಿತು. ನೋವು ತಡೆಯೋಕಾಗದೆ ಸೊಂಟದ ಭಾಗಕ್ಕೆ ಐದು ದಿನ ರೇಡಿಯೇಶನ್ ಕೊಟ್ಟರು. ಕಿಡ್ನಿ ಸುಧಾರಿಸುವ ತನಕ ಬೋರ್ಟೆಜೋಮಿಬ್, ಸೈಕ್ಲೋಫಾಸ್ಫಮೈಡ್, ಡೆಕ್ಸಾಮೆಥಾಸೋನ್. ಆಮೇಲೆ ಸೈಕ್ಲೋಫಾಸ್ಫಮೈಡ್ ಬಿಟ್ಟು ಲೆನಾಲಿಡೊಮೈಡ್ ಸೇರಿಸಿದರು. ಜುಲೈ ಹೊತ್ತಿಗೆ ಕ್ರಿಯಾಟಿನಿನ್ 1.4ಕ್ಕೆ ಇಳಿದಿತ್ತು, ಕಾಯಿಲೆ ಚೆನ್ನಾಗಿ ಹಿಡಿತಕ್ಕೆ ಬಂದಿತ್ತು. ಯಜಮಾನರು ಕೋಲಿಲ್ಲದೆ ಓಪಿಡಿಗೆ ನಡೆದು ಬರುತ್ತಿದ್ದರು.

ಮುಂದಿನ ಹೆಜ್ಜೆ ಅವರದೇ ಸ್ಟೆಮ್ ಸೆಲ್ ಬಳಸುವ ಟ್ರಾನ್ಸ್‌ಪ್ಲಾಂಟ್. ಪುಸ್ತಕದಲ್ಲಿ ಕಾಂಡಕೋಶ ಅಂತಾರೆ, ನಮ್ಮ ವಾರ್ಡಲ್ಲಿ ಯಾರೂ ಹಾಗನ್ನೋದಿಲ್ಲ. ಮೊದಲು ಅವನ್ನು ರಕ್ತದಿಂದ ತೆಗೆದಿಡಬೇಕು. ಆಮೇಲೆ ಮೆಲ್ಫಲಾನ್ ಎನ್ನುವ ಕೀಮೋ ದೊಡ್ಡ ಪ್ರಮಾಣದಲ್ಲಿ ಕೊಟ್ಟು ಮಜ್ಜೆಯಲ್ಲಿ ಉಳಿದ ಕ್ಯಾನ್ಸರ್ ಕೋಶಗಳನ್ನು ಸುಡಬೇಕು. ಆ ಹೊಡೆತಕ್ಕೆ ಒಳ್ಳೆಯ ಮಜ್ಜೆಯೂ ಹೋಗುತ್ತದೆ. ತೆಗೆದಿಟ್ಟಿದ್ದನ್ನು ವಾಪಸ್ ಹರಿಸಿದರೆ ಅದು ಮತ್ತೆ ಚಿಗುರುತ್ತದೆ. ಕೆಜಿ ತೂಕಕ್ಕೆ ಕನಿಷ್ಠ 20 ಲಕ್ಷ ಸ್ಟೆಮ್ ಸೆಲ್ ಬೇಕು, 40–50 ಲಕ್ಷ ಇದ್ದರೆ ನೆಮ್ಮದಿ. ಇಪ್ಪತ್ತಕ್ಕಿಂತ ಕಮ್ಮಿ ಇಟ್ಟುಕೊಂಡು ಮೆಲ್ಫಲಾನ್ ಕೊಡೋದು ಅಂದರೆ ಬಿತ್ತನೆ ಬೀಜ ಇಲ್ಲದೆ ಗದ್ದೆ ಉತ್ತ ಹಾಗೆ.

ಆಮೇಲೆ ನೋಡೋಣ

ಜುಲೈನಲ್ಲಿ ಲೆನಾಲಿಡೊಮೈಡ್‌ನ ನಾಲ್ಕು ಸುತ್ತು ಮುಗಿದಿತ್ತು. ಸಂಗ್ರಹಕ್ಕೆ ಅದೇ ಸರಿಯಾದ ಹೊತ್ತು. ಈ ಮಾತ್ರೆ ಕಾಯಿಲೆಗೆ ಒಳ್ಳೆಯದು, ಆದರೆ ತಿಂಗಳುಗಟ್ಟಲೆ ತೆಗೆದುಕೊಂಡರೆ ಸ್ಟೆಮ್ ಸೆಲ್ ಮಜ್ಜೆ ಬಿಟ್ಟು ರಕ್ತಕ್ಕೆ ಬರೋದು ಕಷ್ಟವಾಗುತ್ತದೆ. ಅದಕ್ಕೇ ನಾಲ್ಕು ಸುತ್ತಿನ ಆಸುಪಾಸಿನಲ್ಲಿ ತೆಗೆದಿಟ್ಟುಬಿಡಿ ಅನ್ನೋದು.

ನಾವು ಹೇಳಿದೆವು. ಹೇಗೆ ಹೇಳಿದೆವು ಅನ್ನೋದು ಮುಖ್ಯ. "ಟ್ರಾನ್ಸ್‌ಪ್ಲಾಂಟ್‌ಗೆ ರೆಡಿಯಾಗಿ" ಎಂದೆವು. ಅವರ ಕಿವಿಗೆ ಬಿದ್ದದ್ದು ಒಂದು ತಿಂಗಳು ಆಸ್ಪತ್ರೆ, ಲಕ್ಷಗಟ್ಟಲೆ ಖರ್ಚು. ಆಗ ನಾಟಿ ಕಾಲ. ನಾಟಿ ಆಗಲಿ ಅಂದರು. ಆಮೇಲೆ ದಸರಾ ಮುಗೀಲಿ ಅಂದರು. ಆಮೇಲೆ ಕಬ್ಬಿನ ಕಟಾವು, ಅದು ಇವರಿಗೆ ಬೇಕಾದ ದಿನ ಆಗೋದಿಲ್ಲ, ಆಳುಗಳು ಬಂದಾಗ ಆಗಬೇಕು. ಸ್ಟೆಮ್ ಸೆಲ್ ಮಾತ್ರ ಈಗ ತೆಗೆದು ಫ್ರೀಜ್ ಮಾಡೋಣ, ವಾರದ ಕೆಲಸ, ಟ್ರಾನ್ಸ್‌ಪ್ಲಾಂಟ್ ಕಟಾವಾದ ಮೇಲೆ ಮಾಡೋಣ ಅಂತ ಬಿಡಿಸಿ ಹೇಳಿದ್ದರೆ ಅವರು ಒಪ್ಪುತ್ತಿದ್ದರು ಅನ್ನೋದು ನನ್ನ ನಂಬಿಕೆ. ಹಾಗೆ ಯಾರೂ ಹೇಳಲಿಲ್ಲ. ಡಿಸೆಂಬರ್‌ನಲ್ಲಿ ಬಂದಾಗ ಒಂಬತ್ತು ಸುತ್ತು ಆಗಿತ್ತು, ಪ್ಲೇಟ್‌ಲೆಟ್ 1 ಲಕ್ಷದ 10 ಸಾವಿರದಲ್ಲಿ ನಿಂತಿತ್ತು.

ಈಗ ಕಾಗದದ ಮೇಲೆ ಬರೆದು ನೋಡಿದರೆ ಎಲ್ಲ ಕಣ್ಣಿಗೆ ಹೊಡೆಯುತ್ತದೆ. ಅರವತ್ತು ದಾಟಿದ ವಯಸ್ಸು, ಸೊಂಟಕ್ಕೆ ರೇಡಿಯೇಶನ್, ಉದ್ದಕ್ಕೆ ಲೆನಾಲಿಡೊಮೈಡ್, ಕಮ್ಮಿ ಪ್ಲೇಟ್‌ಲೆಟ್. ಇಂಥವರಲ್ಲಿ ಸ್ಟೆಮ್ ಸೆಲ್ ಸುಲಭಕ್ಕೆ ಹೊರಬರೋದಿಲ್ಲ. ಅಂದು ಈ ನಾಲ್ಕನ್ನೂ ಒಂದೇ ಹಾಳೆಯಲ್ಲಿ ಯಾರೂ ಬರೆದಿರಲಿಲ್ಲ.

ಮೊದಲ ಪ್ರಯತ್ನ

ಮಾಮೂಲಿ ದಾರಿಯನ್ನೇ ಹಿಡಿದೆವು. ಸ್ಟೆಮ್ ಸೆಲ್ಲನ್ನು ಮಜ್ಜೆಯಿಂದ ರಕ್ತಕ್ಕೆ ತರುವ ಜಿ-ಸಿಎಸ್‌ಎಫ್, ಅಂದರೆ ಫಿಲ್‌ಗ್ರಾಸ್ಟಿಮ್ ಇಂಜೆಕ್ಷನ್. ಕೆಜಿಗೆ 10 ಮೈಕ್ರೋಗ್ರಾಂ ಲೆಕ್ಕದಲ್ಲಿ ದಿನಕ್ಕೆ 600, ಅಂದರೆ 300ರ ಎರಡು ಸಿರಿಂಜ್. ನಾಲ್ಕು ದಿನ ಚುಚ್ಚಿ ಐದನೇ ದಿನ ಮಶೀನು. ಮೂರನೇ ದಿನಕ್ಕೆ ಸೊಂಟ, ಎದೆಮೂಳೆ ಎಲ್ಲ ನೋವು ಅಂದರು. ಅದು ನಿರೀಕ್ಷೆಯದೇ, ಪ್ಯಾರಾಸಿಟಮಾಲ್ ಸಾಕಾಯಿತು. ನೋವಿದ್ದರೆ ಮಜ್ಜೆ ಕೆಲಸ ಮಾಡ್ತಿದೆ ಅಂತ ನಾನೇ ಸಮಾಧಾನ ಹೇಳಿದ್ದೆ. ಅದು ಬಿಳಿರಕ್ತಕಣದ ಮಟ್ಟಿಗೆ ನಿಜ. ಆ ಎಣಿಕೆ 40 ಸಾವಿರ ದಾಟಿತ್ತು. ಸ್ಟೆಮ್ ಸೆಲ್ ಮಾತ್ರ ನಾಲ್ಕು.

"ನೋಡೇಬಿಡೋಣ" ಎಂದು ನಾಲ್ಕೂವರೆ ಗಂಟೆ ಮಶೀನು ಓಡಿಸಿದೆವು. ಸುಮಾರು 12 ಲೀಟರ್ ರಕ್ತ ತಿರುಗಿತು, ಅಂದರೆ ಅವರ ಮೈಯ ರಕ್ತ ಮೂರು ಸಲ ಮಶೀನಿನೊಳಗೆ ಹೋಗಿ ಬಂದಂತೆ. ಸಿಕ್ಕಿದ್ದು ಕೆಜಿಗೆ 4 ಲಕ್ಷ. ಮರುದಿನ 3 ಲಕ್ಷ. ಅಲ್ಲಿಗೆ ನಿಲ್ಲಿಸಿದೆವು.

ಆ ಎರಡು ದಿನದ ನಡುವಿನ ರಾತ್ರಿಯೇ, ಸ್ಟೆಮ್ ಸೆಲ್ ಹೊರತರುವ ಇನ್ನೊಂದು ಔಷಧಿ ಪ್ಲೆರಿಕ್ಸಾಫೋರ್ ಕೊಟ್ಟಿದ್ದರೆ ಲೆಕ್ಕ ಬೇರೆಯಾಗುತ್ತಿತ್ತು. ಆದರೆ ನಮ್ಮ ಫಾರ್ಮಸಿಯಲ್ಲಿ ಅದು ಇರಲಿಲ್ಲ. ಬೆಂಗಳೂರಿನಿಂದ ಬರಬೇಕು, ಅವತ್ತು ಭಾನುವಾರ. ಬೆಲೆಯೋ, ನಾಲ್ಕು ದಿನದ ಫಿಲ್‌ಗ್ರಾಸ್ಟಿಮ್ ಎಲ್ಲ ಸೇರಿಸಿದರೂ ಅದರ ಹತ್ತಿರಕ್ಕೆ ಬರೋದಿಲ್ಲ. ಆ ಔಷಧಿಯ ಹೆಸರನ್ನು ಮಗ ಮೊದಲ ಬಾರಿ ಕೇಳಿದ್ದು ಅವತ್ತು ಮಧ್ಯಾಹ್ನ, ಕಾರಿಡಾರ್‌ನಲ್ಲಿ ನಿಂತುಕೊಂಡು, ನನ್ನಿಂದ. "ಮೊದ್ಲೇ ಹೇಳಿದ್ರೆ ಏನಾದ್ರೂ ಮಾಡ್ತಿದ್ವಲ್ಲ ಮೇಡಂ" ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಇನ್ನೊಂದು ವಿಷಯ ಡಿಸ್ಚಾರ್ಜ್ ದಿನ ಗೊತ್ತಾಯಿತು. ಯಜಮಾನರು ಮಾತ್ರೆಗಳನ್ನು ಒಂದು ಬಟ್ಟೆ ಅಂಗಡಿಯ ಕವರಿನಲ್ಲಿ ಇಟ್ಟುಕೊಂಡಿದ್ದರು. ಚೀಟಿ ಜೊತೆ ತಾಳೆ ಹಾಕೋಣ ಅಂತ ಮಂಚದ ಮೇಲೆ ಸುರಿದೆ. ಲೆನಾಲಿಡೊಮೈಡ್‌ನ ಸ್ಟ್ರಿಪ್ ಪೂರ್ತಿ ಖಾಲಿ. ಸಂಗ್ರಹಕ್ಕೆ ಎರಡು ವಾರದಿಂದ ನಾಲ್ಕು ವಾರ ಮುಂಚೆ ಅದು ನಿಲ್ಲಬೇಕು. ನಿಲ್ಲಿಸಿ ಅಂತ ಓಪಿಡಿಯಲ್ಲಿ ಬಾಯಲ್ಲಿ ಹೇಳಿದ್ದರು, ಚೀಟಿಯಲ್ಲಿ ಮಾತ್ರ 21 ದಿನ ಅಂತಲೇ ಇತ್ತು.

"ಯಾವಾಗ ಮುಗೀತು ಯಜಮಾನ್ರೆ ಇದು?"

"ಇಲ್ಲಿಗೆ ಬರಕ್ಕೆ ಮೂರ್ ದಿನ ಮುಂಚೆ. ಕಾಸು ಕೊಟ್ಟು ತಂದಿದ್ ಮಾತ್ರೆನ ಸುಮ್ನೆ ಎಸ್ಯಕಾಯ್ತದಾ ಕಣವ್ವ?"

ಅವರ ಮೇಲೆ ಸಿಟ್ಟು ಬರಲಿಲ್ಲ. ಅವರ ಕಡೆಯಿಂದ ನೋಡಿದರೆ ಅದು ಶಿಸ್ತು, ಅಲ್ವಾ?

ಮೂರು ದಾರಿ

ಮುಂದಿನ ವಾರ ಹೆಮಟಾಲಜಿ ಡಾಕ್ಟರು ಮನೆಯವರನ್ನೆಲ್ಲ ಕೂರಿಸಿಕೊಂಡು ಮಾತಾಡಿದರು. ಟ್ರಾನ್ಸ್‌ಪ್ಲಾಂಟ್ ಕೈಬಿಟ್ಟು ಔಷಧಿಯಲ್ಲೇ ಮುಂದುವರಿಯೋದು ಒಂದು ದಾರಿ. ಅದು ಸೋಲೇನಲ್ಲ, ಎಷ್ಟೋ ಜನ ಹಾಗೆ ಚೆನ್ನಾಗಿದ್ದಾರೆ. ಎರಡನೆಯದು ಸೈಕ್ಲೋಫಾಸ್ಫಮೈಡ್ ದೊಡ್ಡ ಡೋಸ್ ಕೊಟ್ಟು, ರಕ್ತಕಣ ಬಿದ್ದು ಮತ್ತೆ ಏಳುವಾಗ ಜಿ-ಸಿಎಸ್‌ಎಫ್ ಜೊತೆ ಸ್ಟೆಮ್ ಸೆಲ್ ಹಿಡಿಯೋದು. ಹಳೆಯ ದಾರಿ, ಔಷಧಿ ಅಗ್ಗ. ಆದರೆ ಹಿಡಿಯಬೇಕಾದ ದಿನ ಹತ್ತನೆಯದೋ ಹದಿನಾಲ್ಕನೆಯದೋ ಹೇಳೋಕಾಗೋದಿಲ್ಲ. ನಡುವೆ ಬಿಳಿರಕ್ತಕಣ ಪಾತಾಳಕ್ಕೆ ಇಳಿದು ಜ್ವರ ಬಂದರೆ ಅಡ್ಮಿಟ್, ಆಂಟಿಬಯಾಟಿಕ್. ಮೂತ್ರಕೋಶದಲ್ಲಿ ರಕ್ತಸ್ರಾವದ ಭಯ ಬೇರೆ. ಅಗ್ಗ ಅಂತ ಹೊರಟಿದ್ದು ಕೊನೆಗೆ ಅಷ್ಟೇ ಬಿಲ್ ಆಗೋದನ್ನು ನಾನು ನೋಡಿದ್ದೇನೆ. ಮೂರನೆಯದು ಜಿ-ಸಿಎಸ್‌ಎಫ್ ಜೊತೆ ಪ್ಲೆರಿಕ್ಸಾಫೋರ್.

ಮಗಳು ಕೇಳಿದಳು, ಅದು ಹೊಸದಾಗಿ ಏನು ಮಾಡುತ್ತೆ ಅಂತ. ಡಾಕ್ಟರು ಬೋರ್ಡಿನ ಮೇಲೆ ಚಿತ್ರ ಬರೆದರು. ಮಜ್ಜೆಯ ಆಸರೆ ಕೋಶಗಳು ಸಿಎಕ್ಸ್‌ಸಿಎಲ್12 ಎನ್ನುವ ವಸ್ತುವನ್ನು ಬಿಡುತ್ತವೆ. ಸ್ಟೆಮ್ ಸೆಲ್ ಮೇಲಿರುವ ಸಿಎಕ್ಸ್‌ಸಿಆರ್4 ಎನ್ನುವ ಕೊಂಡಿ ಅದನ್ನು ಹಿಡಿದು ಅಲ್ಲೇ ಕೂತಿರುತ್ತದೆ. ಜಿ-ಸಿಎಸ್‌ಎಫ್ ಈ ಹಿಡಿತವನ್ನು ದಿನಗಟ್ಟಲೆ ನಿಧಾನಕ್ಕೆ ಸವೆಸುತ್ತದೆ. ಪ್ಲೆರಿಕ್ಸಾಫೋರ್ ನೇರ ಕೊಂಡಿಗೇ ಅಡ್ಡ ಕೂರುತ್ತದೆ, ಕೆಲವೇ ಗಂಟೆಯಲ್ಲಿ ಸ್ಟೆಮ್ ಸೆಲ್ ಕಳಚಿಕೊಂಡು ರಕ್ತಕ್ಕೆ ಬರುತ್ತದೆ.

ಯಜಮಾನರು ಸುಮ್ಮನೆ ಕೇಳುತ್ತಿದ್ದವರು ಬಾಯಿಬಿಟ್ಟರು. "ಒಟ್ಲು ಬಿಗಿಯಾಗದೆ ಅನ್ನಿ. ಒಣಗಿದ ಒಟ್ಲಲ್ಲಿ ಪೈರು ಕಿತ್ರೆ ಬೇರು ಕಿತ್ತೋಯ್ತದೆ. ಹಿಂದಿನ್ ರಾತ್ರಿ ನೀರ್ ಕಟ್ಬೇಕು. ಬೆಳಿಗ್ಗೆ ಹಂಗೇ ಎದ್ ಬತ್ತದೆ." ಒಟ್ಲು ಅಂದರೆ ನಾಟಿಗೆ ಮುಂಚೆ ಬತ್ತದ ಪೈರು ಬೆಳೆಸುವ ಮಡಿ. ಡಾಕ್ಟರು ಬೋರ್ಡ್ ಒರೆಸುವ ಡಸ್ಟರ್ ಹಿಡಿದುಕೊಂಡೇ ನಕ್ಕರು. ಹಿಂದಿನ ರಾತ್ರಿ ಅನ್ನೋದೂ ಸರಿಯಾಗಿತ್ತು. ಈ ಇಂಜೆಕ್ಷನ್ ಸಂಗ್ರಹಕ್ಕೆ ಸುಮಾರು 11 ಗಂಟೆ ಮುಂಚೆ ಕೊಡಬೇಕು.

ಈ ಔಷಧಿಯ ಹುಟ್ಟೇ ಒಂದು ತಮಾಷೆ. ಅದನ್ನು ಮೊದಲು ನೋಡಿದ್ದು ಎಚ್‌ಐವಿಗೆ, ಏಕೆಂದರೆ ಆ ವೈರಸ್ಸು ಕೋಶದೊಳಗೆ ನುಗ್ಗಲು ಇದೇ ಸಿಎಕ್ಸ್‌ಸಿಆರ್4 ಬಾಗಿಲನ್ನೂ ಬಳಸುತ್ತದೆ. ಆರೋಗ್ಯವಂತರಿಗೆ ಕೊಟ್ಟು ನೋಡುವಾಗ ಅವರ ಬಿಳಿರಕ್ತಕಣ ಏರಿದ್ದು ಕಣ್ಣಿಗೆ ಬಿತ್ತು. ಎಚ್‌ಐವಿಗೆ ಕೆಲಸಕ್ಕೆ ಬರಲಿಲ್ಲ, ಸ್ಟೆಮ್ ಸೆಲ್‌ಗೆ ಬಂತು. ಅಮೆರಿಕದಲ್ಲಿ 2008ರ ಡಿಸೆಂಬರ್‌ನಲ್ಲಿ ಒಪ್ಪಿಗೆ ಸಿಕ್ಕಿತು. ಮೈಲೋಮಾದ 302 ರೋಗಿಗಳ ಅಧ್ಯಯನವೊಂದು 2009ರಲ್ಲಿ ಪ್ರಕಟವಾಯಿತು. ಎರಡು ಸಲದ ಸಂಗ್ರಹದೊಳಗೆ ಕೆಜಿಗೆ 60 ಲಕ್ಷ ಮುಟ್ಟಿದವರು ಬರೀ ಜಿ-ಸಿಎಸ್‌ಎಫ್‌ನಲ್ಲಿ ನೂರಕ್ಕೆ 34, ಪ್ಲೆರಿಕ್ಸಾಫೋರ್ ಸೇರಿಸಿದಾಗ ನೂರಕ್ಕೆ 72ರ ಹತ್ತಿರ. ಅದೇ ಕೊಂಡಿಗೆ ಕೈಹಾಕುವ ಮೋಟಿಕ್ಸಾಫೋರ್ಟೈಡ್ ಎಂಬ ಇನ್ನೊಂದು ಔಷಧಿಗೆ ಅಲ್ಲಿ 2023ರಲ್ಲಿ ಒಪ್ಪಿಗೆಯಾಗಿದೆ.

ದುಡ್ಡಿನ ಮಾತು ಮುಗಿಯೋಕೆ ಎರಡು ದಿನ ಹಿಡಿಯಿತು. ಕಬ್ಬಿನ ಬಿಲ್ ಬಂದಿರಲಿಲ್ಲ. ಕೊನೆಗೆ ಹೇಳಿದ್ದು ಯಜಮಾನರ ಹೆಂಡತಿ. "ಒಂದ್ ಕಿತ ನೋಡ್ಬುಡಿ. ಆಗ್ಲಿಲ್ಲ ಅಂದ್ರೆ ಬುಡವ."

ಎರಡನೇ ಸಲ

ಲೆನಾಲಿಡೊಮೈಡ್ ನಿಲ್ಲಿಸಿ ಪೂರ್ತಿ ನಾಲ್ಕು ವಾರ ಬಿಟ್ಟೆವು. ಆ ನಡುವೆ ಕಾಯಿಲೆ ತಲೆ ಎತ್ತದಿರಲಿ ಅಂತ ಬೋರ್ಟೆಜೋಮಿಬ್, ಡೆಕ್ಸಾ ಮಾತ್ರ. ಫಿಲ್‌ಗ್ರಾಸ್ಟಿಮ್ ಶುರುವಾಗುವ ಮೊದಲೇ ಪ್ಲೆರಿಕ್ಸಾಫೋರ್‌ನ ಎರಡು ಸೀಸೆ ಫಾರ್ಮಸಿಯಲ್ಲಿತ್ತು, ಬಳಸದಿದ್ದರೆ ವಾಪಸ್ ತೆಗೆದುಕೊಳ್ಳುವ ಮಾತಿನ ಮೇಲೆ. ಆ ಒಂದು ಮಾತಿಗೆ ನಾನು ಹತ್ತು ಫೋನ್ ಮಾಡಿದ್ದೆ.

ಇನ್ನೊಂದು ಬದಲಾವಣೆ, ಸಿಡಿ34 ಎಣಿಕೆ ಐದನೇ ದಿನದ ಬೆಳಿಗ್ಗೆಗೆ ಕಾಯಲಿಲ್ಲ. ನಾಲ್ಕನೇ ದಿನ ಮಧ್ಯಾಹ್ನವೇ ರಕ್ತ ಕಳಿಸಿದೆವು. ಸಂಜೆ ಐದಕ್ಕೆ ಬಂತು, ಆರು. ಹತ್ತಕ್ಕಿಂತ ಕಮ್ಮಿ, ಆದ್ದರಿಂದ ಆ ರಾತ್ರಿ ಪ್ಲೆರಿಕ್ಸಾಫೋರ್. ಬೆಳಿಗ್ಗೆ ಒಂಬತ್ತಕ್ಕೆ ಮಶೀನು, ಹಾಗಾದರೆ ಇಂಜೆಕ್ಷನ್ ರಾತ್ರಿ ಹತ್ತಕ್ಕೆ.

ಡೋಸ್ ವಿಷಯದಲ್ಲಿ ಒಂದು ಪ್ರಮಾದ ಸ್ವಲ್ಪದರಲ್ಲಿ ತಪ್ಪಿತು. ಮಾಮೂಲಿ ಲೆಕ್ಕ ಕೆಜಿಗೆ 0.24 ಮಿಲಿಗ್ರಾಂ. ಇವರಿಗೆ 14.4 ಮಿಲಿಗ್ರಾಂ ಅಂತ ಚಾರ್ಟ್‌ನಲ್ಲಿ ಬರೆದಾಗಿತ್ತು. ರಾತ್ರಿ ಡ್ಯೂಟಿಯ ಸಿಸ್ಟರ್ ಕ್ರಿಯಾಟಿನಿನ್ ನೋಡಿ ತಡೆದಳು. 1.4 ಅಂದರೆ ಕಮ್ಮಿಯೇನೋ ಅನಿಸುತ್ತದೆ. ವಯಸ್ಸು, ತೂಕ ಸೇರಿಸಿ ಲೆಕ್ಕ ಹಾಕಿದರೆ ಕಿಡ್ನಿ ರಕ್ತ ಸೋಸುವ ಶಕ್ತಿ ನಿಮಿಷಕ್ಕೆ 47 ಎಂಎಲ್. 50 ಅಥವಾ ಅದಕ್ಕಿಂತ ಕೆಳಗಿದ್ದರೆ ಡೋಸ್ ಕೆಜಿಗೆ 0.16ಕ್ಕೆ ಇಳಿಸಬೇಕು. ಡಾಕ್ಟರಿಗೆ ಫೋನ್ ಮಾಡಿ 9.6 ಮಿಲಿಗ್ರಾಂ ಎಂದು ತಿದ್ದಿಸಿದಳು. ಸಿರಿಂಜಿನಲ್ಲಿ ಅರ್ಧ ಎಂಎಲ್ಲಿಗಿಂತ ಒಂದು ಗೆರೆ ಕಮ್ಮಿ. ಸೀಸೆಯಲ್ಲಿದ್ದದ್ದು 1.2 ಎಂಎಲ್.

ಮಗ ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿದ. "ಅರ್ಧಕ್ಕಿಂತ ಜಾಸ್ತಿ ಹಂಗೇ ಅದೆ. ನಾಳೆಗೆ ಇದ್ನೇ ಇಟ್ಕೊಳ್ಳೋಣ?" ಆಗೋದಿಲ್ಲ. ಒಂದೇ ಸಲ ಬಳಸುವ ಸೀಸೆ ಅದು, ಕೆಡದಂತೆ ಇಡುವ ವಸ್ತು ಏನೂ ಅದರಲ್ಲಿ ಇಲ್ಲ. ಉಳಿದದ್ದನ್ನು ಚೆಲ್ಲಬೇಕು. ಕಾಸು ಕೊಟ್ಟು ತಂದ ಮಾತ್ರೆ ಎಸೆಯೋಕಾಗಲ್ಲ ಅಂದ ಮನೆಯವರ ಎದುರಿಗೇ ಚೆಲ್ಲಿದೆವು. ಯಜಮಾನರು ಗೋಡೆ ಕಡೆ ತಿರುಗಿ ಮಲಗಿದ್ದರು.

ರಾತ್ರಿ ಎರಡು ಸಲ ಭೇದಿಯಾಯಿತು, ಹೊಟ್ಟೆಯ ಚರ್ಮ ಚುಚ್ಚಿದ ಕಡೆ ಕೆಂಪಾಯಿತು. ಎರಡೂ ಈ ಔಷಧಿಗೆ ಮಾಮೂಲಿ. ಬೆಳಿಗ್ಗೆ ಮತ್ತೆ ಫಿಲ್‌ಗ್ರಾಸ್ಟಿಮ್, ರಕ್ತ ಪರೀಕ್ಷೆ. ಲ್ಯಾಬ್ ಹುಡುಗ ಫೋನ್‌ನಲ್ಲಿ ಸಂಖ್ಯೆ ಹೇಳುವ ಮೊದಲೇ ಅವನ ದನಿಯಲ್ಲಿ ಗೊತ್ತಾಯಿತು. ಇಪ್ಪತ್ತೇಳು.

ಮಶೀನು ಓಡಿದ ಎರಡನೇ ಗಂಟೆಗೆ ಯಜಮಾನರು, "ತುಟಿ ಮ್ಯಾಲೆ ಇರುವೆ ಹರ್ದಂಗಾಯ್ತದೆ ಕಣವ್ವ" ಅಂದರು. ಕೊಳವೆಯಲ್ಲಿ ರಕ್ತ ಹೆಪ್ಪುಗಟ್ಟದಿರಲಿ ಅಂತ ಹಾಕುವ ಸಿಟ್ರೇಟ್ ಮೈಯ ಕ್ಯಾಲ್ಸಿಯಂ ಎಳೆದುಕೊಳ್ಳುತ್ತದೆ. ಮೂಳೆಗೆಂದು ಝೊಲೆಡ್ರಾನಿಕ್ ಆಸಿಡ್ ಪಡೆಯುತ್ತಿರುವ ಮೈಲೋಮಾ ರೋಗಿಗಳಲ್ಲಿ ಕ್ಯಾಲ್ಸಿಯಂ ಮೊದಲೇ ಕಮ್ಮಿ ಇರಬಹುದು. ಕ್ಯಾಲ್ಸಿಯಂ ಗ್ಲುಕೋನೇಟ್ ಹನಿ ಜಾಸ್ತಿ ಮಾಡಿದ ಮೇಲೆ ಇರುವೆ ಹೋಯಿತು. ಚೀಲದಲ್ಲಿ ತಿಳಿಯಾದ ಟೊಮೊಟೊ ಸಾರಿನ ಬಣ್ಣ. ಅದೇನಾ ಅಷ್ಟು ದುಡ್ಡಿನದು ಅಂತ ಅವರ ಹೆಂಡತಿ ಬಗ್ಗಿ ನೋಡಿದರು.

ಮೊದಲ ದಿನ ಕೆಜಿಗೆ 21 ಲಕ್ಷ. ಆ ರಾತ್ರಿ ಎರಡನೇ ಸೀಸೆ. ಮರುದಿನ 12 ಲಕ್ಷ. ಡಿಸೆಂಬರ್‌ನ 7 ಲಕ್ಷವೂ ಫ್ರೀಜರ್‌ನಲ್ಲಿತ್ತು, ಒಟ್ಟು 40. ಮೂರನೇ ದಿನವೂ ಹಾಕೋಣವೇ ಅಂತ ಮಾತು ಬಂತು. ಮಶೀನು ಸ್ಟೆಮ್ ಸೆಲ್ ಜೊತೆ ಪ್ಲೇಟ್‌ಲೆಟ್ಟನ್ನೂ ಒಯ್ಯುತ್ತದೆ, ಅದು 58 ಸಾವಿರಕ್ಕೆ ಇಳಿದಿತ್ತು. ಇನ್ನೊಂದು ಸೀಸೆ ಬೇರೆ ಬೇಕು. ಮುಂದೆಂದೋ ಎರಡನೇ ಟ್ರಾನ್ಸ್‌ಪ್ಲಾಂಟ್ ಬೇಕಾದರೆ ಇರಲಿ ಅನ್ನುವ ಆಸೆಗೆ ಈಗ ಅಷ್ಟು ಕೊಡಿಸೋದು ಬೇಡ ಅಂತ ಡಾಕ್ಟರು ನಿಲ್ಲಿಸಿದರು. ನನಗದು ಸರಿ ಅನಿಸಿತು. ಘಟಕದಲ್ಲಿ ಒಪ್ಪದವರೂ ಇದ್ದರು.

ಫೆಬ್ರವರಿಯಲ್ಲಿ ಮೆಲ್ಫಲಾನ್. ಕಿಡ್ನಿಯ ಕಾರಣಕ್ಕೆ 200ರ ಬದಲು ಚದರ ಮೀಟರಿಗೆ 140 ಮಿಲಿಗ್ರಾಂ. ಬಾಯಿ ಹುಣ್ಣಾಗದಿರಲಿ ಅಂತ ಔಷಧಿ ಹರಿಯುವಷ್ಟು ಹೊತ್ತೂ ಐಸ್ ಚೀಪಿದರು. ಚೀಲಗಳನ್ನು 37 ಡಿಗ್ರಿ ನೀರಿನಲ್ಲಿ ಕರಗಿಸಿ ಹರಿಸಿದ ಮೇಲೆ ರೂಮೆಲ್ಲ ಬೆಳ್ಳುಳ್ಳಿ ವಾಸನೆ, ಫ್ರೀಜ್ ಮಾಡುವಾಗ ಸೇರಿಸುವ ಡಿಎಂಎಸ್‌ಒದ್ದು. ಎಂಟನೇ ದಿನ ಜ್ವರ ಬಂತು, ಹೋಯಿತು. ಹದಿಮೂರನೇ ದಿನ ನ್ಯೂಟ್ರೋಫಿಲ್ ಎನ್ನುವ ಬಿಳಿರಕ್ತಕಣ 500 ದಾಟಿತು, ಹದಿನೇಳಕ್ಕೆ ಪ್ಲೇಟ್‌ಲೆಟ್ ಹೊರಗಿನಿಂದ ಏರಿಸದೆ ತಾನೇ ನಿಂತಿತು. ಯುಗಾದಿಗೆ ಮನೆಯಲ್ಲಿದ್ದರು.

ನಮ್ಮಲ್ಲಿ ಏನು ಬದಲಾಯಿತು

ಲೆನಾಲಿಡೊಮೈಡ್ ನಿಲ್ಲಿಸುವ ತಾರೀಖನ್ನು ಈಗ ಚೀಟಿಯಲ್ಲೂ ಬರೆಯುತ್ತೇವೆ, ಸ್ಟ್ರಿಪ್ ಮೇಲೂ ಸ್ಕೆಚ್ ಪೆನ್ನಿನಲ್ಲಿ ಬರೆಯುತ್ತೇವೆ. ಉಳಿದ ಮಾತ್ರೆ ಎಸೆಯಬೇಡಿ, ತಂದುಕೊಡಿ ಅಂತೀವಿ. ಸಿಡಿ34 ನಾಲ್ಕನೇ ದಿನವೇ. ಸಂಖ್ಯೆ ಬರುವ ತನಕ ಕಿಟ್ ಒಡೆಯುವಂತಿಲ್ಲ, ಇದನ್ನು ಮಶೀನಿನ ಮೇಲೇ ಅಂಟಿಸಿದ್ದೇವೆ. ಪ್ಲೆರಿಕ್ಸಾಫೋರ್‌ನ ಹೆಸರು, ಬೆಲೆ, ಅದು ಬೇಕಾಗಬಹುದಾದ ಸಾಧ್ಯತೆ ಮೂರನ್ನೂ ಮೊದಲ ಮಾತುಕತೆಯಲ್ಲೇ ಕೂತು ಹೇಳುತ್ತೇವೆ, ಕಾರಿಡಾರ್‌ನಲ್ಲಿ ಹೇಳೋದಿಲ್ಲ. ಎಲ್ಲರಿಗೂ ಮೊದಲಿಂದಲೇ ಕೊಟ್ಟುಬಿಡೋಣ ಎನ್ನುವವರಿದ್ದಾರೆ. ನಮ್ಮ ಕಡೆಯ ಮನೆಗಳಿಗೆ ಆ ಖರ್ಚು ಸಣ್ಣದಲ್ಲ. ಎಣಿಕೆ ನೋಡಿ ಬೇಕಾದವರಿಗೆ ಕೊಡುವುದೇ ನನಗೆ ಸರಿ ಕಾಣುತ್ತದೆ, ಸೀಸೆ ಕೈಗೆಟುಕುವ ಹತ್ತಿರ ಇರಬೇಕು ಅಷ್ಟೆ.

ಹೊಸ ರೋಗಿಯ ಫಾರಂನಲ್ಲಿ ವಯಸ್ಸು, ತೂಕ, ಕ್ರಿಯಾಟಿನಿನ್ ಆದ ಮೇಲೆ ನಾನೊಂದು ಸಾಲು ಸೇರಿಸಿದ್ದೇನೆ, "ನಾಟಿ ಯಾವಾಗ, ಕಟಾವು ಯಾವಾಗ, ಮನೆಯಲ್ಲಿ ಮದುವೆ ಇದೆಯೇ?" ಬೆಂಗಳೂರಿನಿಂದ ಬಂದ ಒಬ್ಬರು ಡಾಕ್ಟರು ಅದನ್ನು ಓದಿ ಹುಬ್ಬೇರಿಸಿದರು. ಆ ಸಾಲು ತುಂಬಿದ ಮೇಲೆ ಕ್ಯಾಲೆಂಡರ್ ತೆಗೆದು ನಾಲ್ಕನೇ ಸುತ್ತು ಯಾವ ವಾರಕ್ಕೆ ಬೀಳುತ್ತೆ ಅಂತ ಮನೆಯವರ ಜೊತೆ ಕೂತು ಎಣಿಸುತ್ತೇನೆ.